ರಸ್ತೆಯ ಸಾವಿಗೆ ಹೊಣೆ ಯಾರು? ಕೊಡಿಗೇನಹಳ್ಳಿ ದಾರಿಯ ನಂಬಿಕೆಗಳೂ ಕಾನೂನೂ

ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಹೋಗುವ ದಾರಿಯಾಗಲಿ, ಗಡಿಯಾಚೆಯ ಹಿಂದೂಪುರದ ದಾರಿಯಾಗಲಿ, ರಸ್ತೆಯಲ್ಲಿ ಯಾರೋ ಹೋಗಿಬಿಟ್ಟರು ಎಂಬ ಸುದ್ದಿ ಬಂದ ದಿನ ಹೋಟೆಲಿನ ಬೆಂಚಿನ ಮೇಲೆ ತೀರ್ಪು ಸಂಜೆಯೊಳಗೆ ಸಿದ್ಧವಾಗಿರುತ್ತದೆ. ಯಾರದ್ದು ತಪ್ಪು, ಎಷ್ಟು ವರ್ಷ ಒಳಗೆ ಹಾಕುತ್ತಾರೆ, ಇನ್ಶೂರೆನ್ಸಿನವರು ಎಷ್ಟು ಕೊಡುತ್ತಾರೆ, ಎಲ್ಲವೂ ಒಂದು ಲೋಟ ಚಹಾ ಆರುವಷ್ಟರಲ್ಲಿ ಇತ್ಯರ್ಥ. ತೊಂದರೆ ಏನೆಂದರೆ, ಸತ್ತವರ ಮನೆಯವರೂ ಗುದ್ದಿದವನ ಮನೆಯವರೂ ಮುಂದಿನ ಹೆಜ್ಜೆ ಇಡುವುದು ಈ ಬೆಂಚಿನ ತೀರ್ಪನ್ನು ನಂಬಿಕೊಂಡೇ.

ಈ ಸೀಮೆಗೆ ರಸ್ತೆ ಸಾವು ಹೊಸದೇನಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಬಳಿ ಉರುಳಿತು. ಹಿಡಿಸಲಾರದಷ್ಟು ಜನ ಅದರಲ್ಲಿದ್ದರು. ಸತ್ತವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅದೇ ವರ್ಷ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಬಾಲೇನಹಳ್ಳಿ ಬಳಿ ಹೆದ್ದಾರಿಯಲ್ಲಿ ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಗಿ 9 ಮಂದಿ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಕುಟುಂಬಗಳು ಅವು. ದೇಶದ ಲೆಕ್ಕದಲ್ಲಿ ಆ ವರ್ಷ ರಸ್ತೆಯಲ್ಲಿ ಸತ್ತವರು 1,68,491.

ಇಂಥ ಒಂದೊಂದು ಸಾವಿಗೂ ಕಾನೂನು ಮೂರು ಪ್ರಶ್ನೆ ಕೇಳುತ್ತದೆ: ಶಿಕ್ಷೆ ಯಾರಿಗೆ, ದುಡ್ಡು ಕೊಡಬೇಕಾದವರು ಯಾರು, ಯಾರ ಲೈಸೆನ್ಸು, ಪರ್ಮಿಟ್ಟು ಹೋಗಬೇಕು. ಮೂರಕ್ಕೂ ಬೇರೆ ಬೇರೆ ಕಡೆ, ಬೇರೆ ಬೇರೆ ಉತ್ತರ ಬರಬಹುದು. ನಮ್ಮ ಕಡೆಯ ತಪ್ಪು ತಿಳಿವಳಿಕೆಗಳಲ್ಲಿ ಅರ್ಧದಷ್ಟು ಈ ಮೂರನ್ನೂ ಒಂದೇ ಗಂಟು ಕಟ್ಟಿದ್ದರಿಂದ ಹುಟ್ಟಿದವು. ಉಳಿದರ್ಧ, ಹೊಣೆ ಎಂದರೆ ಸ್ಟೇರಿಂಗ್ ಹಿಡಿದವನದು ಮಾತ್ರ ಎಂದುಕೊಂಡಿದ್ದರಿಂದ.

ತಪ್ಪು ಕಲ್ಪನೆ: "ಬೇಕೂಂತ ಮಾಡಿದ್ದಲ್ವಲ್ಲ, ಆಕ್ಸಿಡೆಂಟು ಅಷ್ಟೇ. ಏನೂ ಆಗಲ್ಲ."

ವಾಸ್ತವ: ಬೇಕೆಂದು ಮಾಡದ ಸಾವಿಗೂ ಶಿಕ್ಷೆ ಇದೆ, ಅದೂ 1870ರಿಂದ. ಆ ವರ್ಷ ಐಪಿಸಿಗೆ 304ಎ ಕಲಂ ಸೇರಿತು. ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಸಾವು ತಂದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆಗ ಮೋಟಾರು ಗಾಡಿಯೇ ಇರಲಿಲ್ಲ. ಹಾಗಿದ್ದೂ ಮುಂದೆ ಬಂದ ಲಾರಿ, ಬಸ್ಸು, ಬೈಕುಗಳ ಕೇಸೆಲ್ಲ ಇದೇ ಕಲಮಿನಲ್ಲಿ ನಡೆದವು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 106(1)ನೇ ಕಲಮಿನಲ್ಲಿ ಗರಿಷ್ಠ ಶಿಕ್ಷೆ ಐದು ವರ್ಷಕ್ಕೆ ಏರಿದೆ, ಜೊತೆಗೆ ದಂಡವೂ ಇದೆ. ಆ ದಿನಕ್ಕಿಂತ ಮೊದಲು ನಡೆದ ಅಪಘಾತಕ್ಕೆ ಈಗಲೂ ಹಳೆಯ 304ಎ ಕಲಮೇ.

ಇದರ ಮೇಲೆ ಇನ್ನೊಂದು ಮೆಟ್ಟಿಲಿದೆ, ಬೆಂಚಿನ ಮೇಲೆ ಅದನ್ನು ಯಾರೂ ನೆನೆಯುವುದಿಲ್ಲ. ಹೀಗೆ ಮಾಡಿದರೆ ಜನ ಸಾಯಬಹುದು ಎಂದು ಗೊತ್ತಿದ್ದೂ ಮಾಡಿದರೆ ಅದು ಕೊಲೆಯಲ್ಲದ ನರಹತ್ಯೆ. ಐಪಿಸಿಯಲ್ಲಿ 304ನೇ ಕಲಮಿನ ಎರಡನೇ ಭಾಗ, ಈಗ 105ನೇ ಕಲಂ. ಹತ್ತು ವರ್ಷದವರೆಗೆ ಜೈಲು. ಕೊಲ್ಲುವ ಉದ್ದೇಶ ಇತ್ತೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ಗೊತ್ತಿತ್ತೇ ಎಂಬುದು ಪ್ರಶ್ನೆ. ಮುಂಬೈನ ಕಾರ್ಟರ್ ರೋಡಿನಲ್ಲಿ 2006ರ ನವೆಂಬರ್ 12ರಂದು ಕುಡಿದು ಓಡಿಸಿದ ಕಾರೊಂದು ಫುಟ್‌ಪಾತ್ ಹತ್ತಿ, ಅಲ್ಲಿ ಮಲಗಿದ್ದ ಕೂಲಿಕಾರರಲ್ಲಿ ಏಳು ಜನರನ್ನು ಕೊಂದಿತು. ವಿಚಾರಣಾ ನ್ಯಾಯಾಲಯ ಆರು ತಿಂಗಳಷ್ಟೇ ಶಿಕ್ಷೆ ಕೊಟ್ಟಿತ್ತು. ಹೈಕೋರ್ಟ್ ಅದನ್ನು 304ರ ಎರಡನೇ ಭಾಗಕ್ಕೆ ಏರಿಸಿ ಮೂರು ವರ್ಷ ಮಾಡಿತು, 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1999ರ ಜನವರಿಯಲ್ಲಿ ದೆಹಲಿಯಲ್ಲಿ ಆರು ಜನರನ್ನು ಬಲಿ ತೆಗೆದುಕೊಂಡ ಬಿಎಂಡಬ್ಲ್ಯು ಪ್ರಕರಣದಲ್ಲೂ ಅದೇ 2012ರಲ್ಲಿ ಅದೇ ಕಲಂ ನಿಂತಿತು. ಆದರೆ ಅಲ್ಲಿ ಆಗಲೇ ಅನುಭವಿಸಿದ ಎರಡು ವರ್ಷವೇ ಸಾಕು ಎಂದು ಹೇಳಿ, 50 ಲಕ್ಷ ರೂಪಾಯಿ ಕಟ್ಟಲು ಮತ್ತು ಎರಡು ವರ್ಷ ಸಮಾಜ ಸೇವೆ ಮಾಡಲು ಆದೇಶಿಸಲಾಯಿತು. ಕಲಂ ದೊಡ್ಡದಾದರೂ ಶಿಕ್ಷೆ ದೊಡ್ಡದಾಗಿಯೇ ಬರುತ್ತದೆ ಎಂಬ ಖಾತರಿ ಇಲ್ಲ. ಇದನ್ನು ಕಂಡು ನನಗೆ ಸಮಾಧಾನವೇನೂ ಇಲ್ಲ, ಆದರೆ ಇರುವುದು ಹಾಗೆ.

ತಪ್ಪು ಕಲ್ಪನೆ: "ಬೆಳಿಗ್ಗೆ ಕೊಂದ, ಸಂಜೆ ಮನೇಲಿದ್ದಾನೆ. ಪೊಲೀಸರಿಗೆ ದುಡ್ಡು ತಿನ್ನಿಸಿರಬೇಕು."

ವಾಸ್ತವ: 106(1) ಜಾಮೀನು ಕೊಡಲೇಬೇಕಾದ ಅಪರಾಧ. ಹಳೆಯ 304ಎ ಕೂಡ ಹಾಗೇ ಇತ್ತು. ಜಾಮೀನುದಾರರನ್ನು ತಂದು ನಿಲ್ಲಿಸಿದರೆ ಠಾಣೆಯಲ್ಲೇ ಬಿಡುವುದು ಕಾನೂನಿನ ಪ್ರಕಾರವೇ. ಬಿಟ್ಟರು ಎಂದ ಮಾತ್ರಕ್ಕೆ ಕೇಸು ಮುಗಿಯಲಿಲ್ಲ, ಚಾರ್ಜ್‌ಶೀಟು, ಸಾಕ್ಷಿ, ತೀರ್ಪು ಎಲ್ಲ ಮುಂದಿದೆ. 105 ಹಾಕಿದ್ದರೆ ಮಾತ್ರ ಠಾಣೆಯಲ್ಲಿ ಬೇಲ್ ಸಿಗದು.

ಶಿಕ್ಷೆಯ ವಿಷಯದಲ್ಲಿ ಮಾತ್ರ ಜನರ ಸಿಟ್ಟಿಗೆ ಆಧಾರವಿದೆ. ಕರ್ನಾಟಕದ್ದೇ ಒಂದು ಪ್ರಕರಣ 1987ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಕೊಂಡ ಚಾಲಕನಿಗೆ ದಂಡ ಹಾಕಿ ಕಳಿಸಿದ್ದರು. ಸುಪ್ರೀಂ ಕೋರ್ಟ್ ಅದನ್ನು ಚಿಗಟ ಕಚ್ಚಿದಂಥ ಶಿಕ್ಷೆ ಎಂದು ಕರೆದು ಆರು ತಿಂಗಳ ಜೈಲಿಗೆ ಏರಿಸಿತು. 2000ದಲ್ಲಿ ಹರಿಯಾಣದ ಬಸ್ ಚಾಲಕನೊಬ್ಬನ ಕೇಸಿನಲ್ಲಿ, ಇಂಥ ಸಾವುಗಳಿಗೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಪ್ರೊಬೇಷನ್ ಸಲ್ಲದು ಎಂದೂ ಹೇಳಿತು.

ತಪ್ಪು ಕಲ್ಪನೆ: "ಸ್ಪೀಡಲ್ಲಿ ಬಂದ ಅಂತ ಒಬ್ಬ ಹೇಳಿದರೆ ಸಾಕು, ಕೇಸು ನಿಲ್ಲುತ್ತೆ."

ವಾಸ್ತವ: ಸಾಲದು. ಕರ್ನಾಟಕದ ಲಾರಿಯೊಂದು ಉರುಳಿ ಜನ ಸತ್ತ ಪ್ರಕರಣ 1998ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಾಕ್ಷಿಗಳೆಲ್ಲ ಹೇಳಿದ್ದು "ಹೈ ಸ್ಪೀಡ್" ಎಂದಷ್ಟೇ. ಎಷ್ಟು ವೇಗ, ಆ ರಸ್ತೆಗೆ ಅದು ಹೆಚ್ಚೇ, ಏನು ಅಜಾಗರೂಕತೆ ಎಂದು ಒಬ್ಬರೂ ಬಿಡಿಸಿ ಹೇಳಿರಲಿಲ್ಲ. ಬರೀ ವೇಗ ಎಂಬ ಮಾತಿನಿಂದ ನಿರ್ಲಕ್ಷ್ಯ ರುಜುವಾಗದು ಎಂದು ಕೋರ್ಟು ಚಾಲಕನ ಬಿಡುಗಡೆಯನ್ನೇ ಉಳಿಸಿತು.

ಹಾಗಾಗಿ ಮೊದಲ ದಿನದ ಕಾಗದಗಳ ಮೇಲೆ ಇಡೀ ಕೇಸು ನಿಂತಿರುತ್ತದೆ. ಸ್ಥಳ ಮಹಜರಿನ ಜೊತೆಗಿರುವ ನಕಾಶೆಯಲ್ಲಿ ಟೈರು ಉಜ್ಜಿದ ಗುರುತು ಎಲ್ಲಿಂದ ಎಲ್ಲಿಯವರೆಗೆ, ಗಾಡಿಗಳು ಬಿದ್ದದ್ದು ರಸ್ತೆಯ ಯಾವ ಮಗ್ಗುಲಿಗೆ, ಗಾಜು, ರಕ್ತ ಎಲ್ಲಿ ಎಂಬುದು ಇರಬೇಕು. ಬ್ರೇಕ್ ಇನ್ಸ್‌ಪೆಕ್ಟರು ಎಂದು ನಾವು ಕರೆಯುವ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ, ಬ್ರೇಕು ಸರಿಯಿತ್ತೇ, ಯಾವ ಭಾಗ ಜಜ್ಜಿದೆ ಎಂದು ವರದಿ ಕೊಡುತ್ತಾರೆ. ಬ್ರೇಕು ಸರಿಯಿದ್ದೂ ಹಿಡಿಯದವನ ಕಥೆ ಬೇರೆ, ಬ್ರೇಕೇ ಇಲ್ಲದ ಗಾಡಿ ಕೊಟ್ಟು ಕಳಿಸಿದ ಮಾಲೀಕನ ಕಥೆ ಬೇರೆ. ಜನ ಸೇರಿ ಗಾಡಿಗಳನ್ನು ಎಳೆದು ಪಕ್ಕಕ್ಕೆ ಹಾಕಿದ ಮೇಲೆ ಬರೆದ ನಕಾಶೆಗೆ ಹೆಚ್ಚು ಬೆಲೆ ಉಳಿಯದು. ಗಾಯಾಳುವನ್ನು ತೆಗೆಯುವ ಮೊದಲು ಯಾರಾದರೊಬ್ಬರು ಮೊಬೈಲಿನಲ್ಲಿ ಗಾಡಿಗಳ ನಾಲ್ಕು ಫೋಟೋ ಹೊಡೆದಿಟ್ಟಿದ್ದರೆ ಎಷ್ಟೋ ಕೇಸುಗಳ ಹಣೆಬರಹ ಬೇರೆಯೇ ಆಗುತ್ತಿತ್ತು. ಸತ್ತವರ ಮುಖದ ಫೋಟೋ ಮಾತ್ರ ವಾಟ್ಸ್‌ಆ್ಯಪಿನಲ್ಲಿ ಹತ್ತೂರು ಸುತ್ತಿರುತ್ತದೆ.

ದೊಡ್ಡ ಗಾಡಿಯವನದೇ ತಪ್ಪು, ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ನಿಯಮವೂ ಕಾನೂನಿನಲ್ಲಿಲ್ಲ. ಪಾರ್ಕಿಂಗ್ ದೀಪ ಹಾಕದೆ ಕತ್ತಲಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿಗೆ ಬೈಕು ಹಿಂದಿನಿಂದ ಹೋಗಿ ಬಡಿದರೆ ಟ್ರ್ಯಾಕ್ಟರಿನವನೂ ಉತ್ತರ ಹೇಳಬೇಕು. ಮೂವರು ಕೂತಿದ್ದರು ಎಂದ ಮಾತ್ರಕ್ಕೆ ಸತ್ತವನ ಪರಿಹಾರ ಕತ್ತರಿಸುವಂತಿಲ್ಲ, ಮೂವರಿದ್ದದ್ದೇ ಅಪಘಾತಕ್ಕೆ ಕಾರಣ ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: "ಊರವರ ಮುಂದೆ ಎರಡು ಲಕ್ಷಕ್ಕೆ ಮಾತಾಡ್ಕೊಂಡರೆ ಕೇಸು ಮುಗೀತು. ಕೇಸು ಬಿದ್ದರೆ ಪರಿಹಾರವೂ ಬರಲ್ಲ."

ವಾಸ್ತವ: ಇದು ಎರಡು ತಪ್ಪು ಒಂದರೊಳಗೊಂದು. ಸಾವಿನ ಕೇಸು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಅರಳಿಕಟ್ಟೆಯ ಮೇಲೆ ಬರೆದುಕೊಂಡ ಕಾಗದದಿಂದ ಅದು ನಿಲ್ಲದು. ಸಾಕ್ಷಿಗಳು ತಿರುಗಿಬಿದ್ದರೆ ಸೋಲುತ್ತದೆ, ಅಷ್ಟೇ. ಇನ್ನು ಪರಿಹಾರದ ಅರ್ಜಿ ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ, ಅದೇ ಬೇರೆ ದಾರಿ. ಕ್ರಿಮಿನಲ್ ಕೇಸಿಗೆ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು, ನ್ಯಾಯಮಂಡಳಿಗೆ ಹೀಗಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು. ಚಾಲಕ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿಯಾಗಿದೆ.

ಎರಡು ಲಕ್ಷ ಎಂಬ ಅಂಕಿಯನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. 2009 ಮತ್ತು 2017ರ ಸುಪ್ರೀಂ ಕೋರ್ಟ್ ತೀರ್ಪುಗಳು ಕೊಟ್ಟ ಸೂತ್ರ ಇದು. ಉದಾಹರಣೆಗೆ, 30 ವರ್ಷದ ಗಾರೆ ಕೆಲಸದವ, ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ ಎಂದು ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಸಂಬಳದ ನೌಕರಿ ಇಲ್ಲದ, 40ಕ್ಕಿಂತ ಕಡಿಮೆ ವಯಸ್ಸಿನವನಿಗೆ ಮುಂದಿನ ದಿನಗಳ ದುಡಿಮೆಯ ಲೆಕ್ಕದಲ್ಲಿ ಶೇ 40 ಸೇರಿಸಬೇಕು: 21,000. ಅವಲಂಬಿತರು ನಾಲ್ವರಿದ್ದಾರಾದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 17. ಗುಣಿಸಿದರೆ 32,13,000 ರೂಪಾಯಿ. ಅಂತ್ಯಕ್ರಿಯೆ, ಸಂಗಾತಿಯನ್ನು ಕಳೆದುಕೊಂಡದ್ದು ಮುಂತಾದ ಬಾಬತ್ತುಗಳು ಬೇರೆ. ದುಡಿಮೆಗೆ ಕಾಗದವಿಲ್ಲದಿದ್ದರೆ ನ್ಯಾಯಮಂಡಳಿ ಕಡಿಮೆ ಆದಾಯ ಹಿಡಿಯಬಹುದು, ಸತ್ತವನದೂ ತಪ್ಪಿತ್ತು ಎಂದು ಒಂದು ಪಾಲು ಕಳೆಯಬಹುದು. ಎಷ್ಟು ಕಳೆದರೂ ಕಟ್ಟೆಯ ಮೇಲಿನ ಎರಡು ಲಕ್ಷಕ್ಕೆ ಇಳಿಯುವುದು ಕಷ್ಟ. ರಾಜಿ ಮಾಡಿಸಿದ ಯಜಮಾನರಿಗೆ ಕೇಡೆಣಿಸುವ ಮನಸ್ಸು ಇರಲಾರದು, ಆದರೆ ಈ ಲೆಕ್ಕವನ್ನು ಅವರು ಆ ಮನೆಯ ಹೆಣ್ಣುಮಗಳ ಮುಂದೆ ಹಾಕಿ ತೋರಿಸಿದ್ದನ್ನು ಕೇಳಿದ್ದು ಕಡಿಮೆ.

ಚಾಲಕನ ತಪ್ಪು ರುಜುವಾತು ಮಾಡಲಾಗದ ಕಡೆಗೂ ಒಂದು ದಾರಿಯಿದೆ. ಮೋಟಾರು ವಾಹನ ಕಾಯ್ದೆಯಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 164ನೇ ಕಲಮಿನಲ್ಲಿ, ಯಾರ ತಪ್ಪು ಎಂದು ಕೇಳದೆ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಗುದ್ದಿದ ಗಾಡಿಯೇ ಪತ್ತೆಯಾಗದಿದ್ದರೆ ಸರ್ಕಾರದ ನಿಧಿಯಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000. ಅದಕ್ಕೆ ಮೊದಲು ಇದು 25,000 ಮತ್ತು 12,500 ಇತ್ತು.

ಗಡುವನ್ನೂ ನೆನಪಿಡಬೇಕು. 2022ರ ಆ ಏಪ್ರಿಲ್ 1ರಿಂದಲೇ ಅದೇ ಕಾಯ್ದೆಯ 166(3)ನೇ ಕಲಂ ಅರ್ಜಿಗೆ ಆರು ತಿಂಗಳ ಮಿತಿ ಹಾಕಿದೆ. ಇದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ, ಆದರೂ ಅದನ್ನು ನಂಬಿ ಕೂರುವುದು ಬೇಡ. ವರ್ಷದ ತಿಥಿ ಮುಗಿಯಲಿ ಎಂದು ಕಾಯುವ ಮನೆಗಳಿಗೆ ಇದು ಗೊತ್ತಿರುವುದಿಲ್ಲ.

ತಪ್ಪು ಕಲ್ಪನೆ: "ಗಾಡಿ ನಂದಲ್ಲ, ಮಾರಿಬಿಟ್ಟಿದ್ದೀನಿ." "ಓಡಿಸಿದ್ದು ಡ್ರೈವರ್ರು, ನಂಗೇನು ಸಂಬಂಧ?"

ವಾಸ್ತವ: ದುಡ್ಡಿನ ಹೊಣೆಯಲ್ಲಿ ಡ್ರೈವರಿನಷ್ಟೇ, ಎಷ್ಟೋ ಸಲ ಅವನಿಗಿಂತ ಮೊದಲು, ಸಿಕ್ಕಿಬೀಳುವವನು ಮಾಲೀಕ. ಮಾಲೀಕ ಎಂದರೆ ಯಾರು? ಆರ್‌ಸಿಯಲ್ಲಿ ಹೆಸರಿರುವವನು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ಬದಲಾಗಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಪರಿಹಾರ ಅವನೇ ಕೊಡಬೇಕು ಎಂದಿತು ಕೋರ್ಟ್. ನಮ್ಮ ಕಡೆ ಬೈಕು ಮಾರುವುದೆಂದರೆ ಕೀಲಿ ಕೊಟ್ಟು, ಸಹಿ ಹಾಕಿದ ಖಾಲಿ ಫಾರಂ ಕೊಟ್ಟು, ದುಡ್ಡು ಎಣಿಸಿಕೊಳ್ಳುವುದು. ಆ ಫಾರಂ ಮಧುಗಿರಿಯ ಆರ್‌ಟಿಒ ಕಚೇರಿಗೆ ತಲುಪಿತೇ ಎಂದು ಯಾರೂ ಕೇಳುವುದಿಲ್ಲ. ಕೆಎ-64ರ ಹಳೆ ಬೈಕೊಂದು ಗಡಿಯಾಚೆ ಯಾರನ್ನೋ ಗುದ್ದಿದ ದಿನ ನೋಟಿಸು ಬಂದು ಬಾಗಿಲು ತಟ್ಟಿದಾಗಲೇ ಆ ಸಂಗತಿ ನೆನಪಾಗುವುದು.

ಇನ್ಶೂರೆನ್ಸು ತೀರಿದ ಗಾಡಿಯಾದರೆ ಇಡೀ ಮೊತ್ತ ಮಾಲೀಕನ ಮೇಲೆ. ಲೈಸೆನ್ಸಿಲ್ಲದವನಿಗೆ ಗಾಡಿ ಕೊಟ್ಟಿದ್ದರೆ, ವಿಮಾ ಕಂಪನಿ ಸತ್ತವರ ಮನೆಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಆದೇಶಿಸುವುದುಂಟು. ಆಗ ಜಮೀನಿನ ಪಹಣಿಯ ಮೇಲೆ ಕಣ್ಣು ಬೀಳುತ್ತದೆ. ಲೈಸೆನ್ಸಿದ್ದ ಅಣ್ಣನನ್ನೋ ಭಾವನನ್ನೋ "ನೀನೇ ಓಡಿಸ್ತಿದ್ದೆ ಅನ್ನು" ಎಂದು ಠಾಣೆಗೆ ಕಳಿಸುವ ಜಾಣತನ ಹಳೆಯದು. ಅದು ತಪ್ಪಿತಸ್ಥನನ್ನು ಮರೆಮಾಚಲು ಸುಳ್ಳು ಮಾಹಿತಿ ಕೊಟ್ಟ ಅಪರಾಧ, ಸಂಹಿತೆಯ 238ನೇ ಕಲಂ. ಒಂದು ಕೇಸಿದ್ದ ಮನೆಗೆ ಎರಡಾಗುತ್ತದೆ.

ಕಡ್ಲೆಕಾಯಿ ಕೀಳುವ ಕಾಲದಲ್ಲಿ, ಜಾತ್ರೆಗಳಲ್ಲಿ, ಮದುವೆ ದಿಬ್ಬಣಗಳಲ್ಲಿ ಟ್ರ್ಯಾಕ್ಟರ್ ಟ್ರೇಲರು, ಲಗೇಜ್ ಆಟೋಗಳ ತುಂಬ ಜನ ನಿಂತು ಹೋಗುವುದನ್ನು ದಿನವೂ ನೋಡುತ್ತೇವೆ. ಅವು ಸರಕಿನ ಗಾಡಿಗಳು. ಅವುಗಳಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕ ಸತ್ತರೆ ವಿಮಾ ಕಂಪನಿಗೆ ಹೊಣೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಎರಡು ದಶಕಗಳ ಹಿಂದೆಯೇ ತೀರ್ಮಾನಿಸಿದೆ. "ಇನ್ಶೂರೆನ್ಸ್ ಇದೆ, ಹತ್ರಪ್ಪ" ಎನ್ನುವ ಮಾಲೀಕನಿಗೂ ಹತ್ತುವವರಿಗೂ ಆ ಪಾಲಿಸಿಯಿಂದ ಉಪಯೋಗ ಸಿಗುವುದು ಅಪರೂಪ. ಬಸ್ಸಿನಲ್ಲಿ ಮಿತಿ ಮೀರಿ ಜನ ತುಂಬಿದರೆ ಮೋಟಾರು ವಾಹನ ಕಾಯ್ದೆಯ 194ಎ ಕಲಂ ವಿಧಿಸುವ ದಂಡ ತಲೆಗೆ 200 ರೂಪಾಯಿ. ಪಳವಳ್ಳಿಯಂಥ ದಿನದ ಎದುರು ಆ ಇನ್ನೂರನ್ನು ಇಟ್ಟು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ತಪ್ಪು ಕಲ್ಪನೆ: "ಇನ್ಶೂರೆನ್ಸ್ ಇದ್ದರೆ ಯಾರು ಸತ್ತರೂ ದುಡ್ಡು ಬರುತ್ತೆ."

ವಾಸ್ತವ: ತನ್ನದೇ ತಪ್ಪಿನಿಂದ ಸತ್ತವನ ಮನೆಯವರಿಗೆ ಥರ್ಡ್ ಪಾರ್ಟಿ ವಿಮೆಯಿಂದ ಏನೂ ಬರದು. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆ ಕಡೆಗೆ ಕಾರು ಓಡಿಸಿಕೊಂಡು ಹೊರಟವರೊಬ್ಬರು ವೇಗದಲ್ಲಿ ಹತೋಟಿ ತಪ್ಪಿ ಗಾಡಿ ಉರುಳಿ ಸತ್ತರು. ಮನೆಯವರು ಕೇಳಿದ ಪರಿಹಾರವನ್ನು ಕರ್ನಾಟಕ ಹೈಕೋರ್ಟ್ ಕೊಡಲಿಲ್ಲ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಉಳಿಸಿತು. ಬೇರೆಯವರ ಬೈಕು ಎರವಲು ತಂದು ಓಡಿಸುವವನೂ ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ. ಇಳಕಲ್ಲಿನಿಂದ ಹೊರಟು ಎತ್ತಿನಗಾಡಿಗೆ ಬಡಿದು ಸತ್ತ ಸವಾರನ ಪ್ರಕರಣದಲ್ಲಿ 2009ರಲ್ಲಿ ಹೀಗೆಂದು ತೀರ್ಮಾನವಾಗಿದೆ.

ಬೈಕಿನ ಹಿಂದೆ ಕೂತ ಹೆಂಡತಿಗೋ ತಾಯಿಗೋ? ಅಗ್ಗದ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ರಕ್ಷಣೆಯಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಪ್ಯಾಕೇಜ್ ಪಾಲಿಸಿಯಿದ್ದರೆ ಉಂಟು. ಓಡಿಸುವ ಮಾಲೀಕನಿಗೆ ಬೇಕಾದದ್ದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಪಾಲಿಸಿ ಕಾಗದದಲ್ಲಿ ಅದಕ್ಕೆಂದು ಒಂದು ಸಾಲು ಇದೆಯೇ, ಇಲ್ಲವೇ ಎಂದು ಇವತ್ತೇ ನೋಡಬಹುದು.

ತಪ್ಪು ಕಲ್ಪನೆ: "ಹುಡುಗ ಇನ್ನೂ ಚಿಕ್ಕೋನು, ಅವನ ಮೇಲೆ ಕೇಸು ನಿಲ್ಲಲ್ಲ."

ವಾಸ್ತವ: ಅವನ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯುತ್ತದೆ, ಆದರೆ ಅಪ್ಪ ನಿಂತಿರಬೇಕಾದದ್ದು ಮಾಮೂಲಿ ಕೋರ್ಟಿನಲ್ಲಿ. 2019ರ ತಿದ್ದುಪಡಿ ತಂದ 199ಎ ಕಲಮಿನಂತೆ ಅಪ್ರಾಪ್ತ ಓಡಿಸಿದ ಗಾಡಿಯ ಅಪರಾಧಕ್ಕೆ ಪೋಷಕರೋ ಮಾಲೀಕರೋ ತಪ್ಪಿತಸ್ಥರು ಎಂದೇ ಕೋರ್ಟು ಭಾವಿಸುತ್ತದೆ. ಗೊತ್ತಿಲ್ಲದೆ ಆಯಿತು, ತಡೆಯಲು ಮಾಡಬೇಕಾದದ್ದೆಲ್ಲ ಮಾಡಿದ್ದೆ ಎಂದು ಅವರೇ ರುಜುವಾತು ಮಾಡಬೇಕು. ಶಿಕ್ಷೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಪೋರ್ಷೆ ಕಾರಿನಿಂದ ಇಬ್ಬರು ಸತ್ತಾಗ ಹುಡುಗನಿಗೆ 300 ಪದದ ಪ್ರಬಂಧ ಬರೆಯಲು ಹೇಳಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಅವನ ತಂದೆಯ ಬಂಧನವಾದದ್ದೂ ಅದೇ ಕೇಸಿನಲ್ಲಿ. ಹೈಸ್ಕೂಲಿಗೆ ಹೋಗುವ ಮಗನಿಗೆ ಹೊಲಕ್ಕೆ ಬುತ್ತಿ ಕೊಟ್ಟು ಬರಲು ಎಕ್ಸೆಲ್ ಕೀಲಿ ಕೊಡುವವರು ನೆನೆಯಬೇಕಾದದ್ದು ಈ ಎರಡನೆಯದನ್ನು.

ತಪ್ಪು ಕಲ್ಪನೆ: "ನಿಂತರೆ ಜನ ಹೊಡೆದು ಸಾಯಿಸ್ತಾರೆ, ಓಡಿದರೆ ಹತ್ತು ವರ್ಷ ಜೈಲು."

ವಾಸ್ತವ: ಹತ್ತು ವರ್ಷದ ಮಾತು ಬಂದದ್ದು ಸಂಹಿತೆಯ 106(2)ರಿಂದ. ಅದರ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದುದ್ದಕ್ಕೂ ಮುಷ್ಕರ ಹೂಡಿದರು. ಜುಲೈ 1ರಂದು ಉಳಿದೆಲ್ಲ ಕಲಮುಗಳು ಜಾರಿಯಾದಾಗ ಇದೊಂದನ್ನು ಕೇಂದ್ರ ತಡೆಹಿಡಿಯಿತು. ಈಗಿರುವುದು ಮೋಟಾರು ವಾಹನ ಕಾಯ್ದೆಯ 134. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯಲ್ಲಿ ಪೊಲೀಸರಿಗೆ ತಿಳಿಸಬೇಕು. ಜನರ ರೊಚ್ಚಿನಿಂದ ನಿಲ್ಲಲಾಗದಿದ್ದರೆ ಆಸ್ಪತ್ರೆಗೆ ಒಯ್ಯುವ ಕರ್ತವ್ಯದಿಂದ ಅದೇ ಕಲಂ ವಿನಾಯಿತಿ ಕೊಟ್ಟಿದೆ. ಅಂದರೆ ಹೆದರಿ ಅಲ್ಲಿಂದ ತಪ್ಪಿಸಿಕೊಂಡವನು ನೇರವಾಗಿ ಹತ್ತಿರದ ಠಾಣೆಗೆ ಹೋದರೆ ಓಡಿಹೋದವನಾಗುವುದಿಲ್ಲ. ಗಾಡಿ ಅಡಗಿಸಿಟ್ಟು ನೆಂಟರ ಮನೆ ಸೇರಿದವನು ಆಗುತ್ತಾನೆ.

ತಪ್ಪು ಕಲ್ಪನೆ: "ಆಸ್ಪತ್ರೆಗೆ ಸೇರಿಸಿದರೆ ಸಾಕ್ಷಿ ಹೇಳಕ್ಕೆ ಕೋರ್ಟಿಗೆ ಅಲೀಬೇಕು."

ವಾಸ್ತವ: ಇಲ್ಲ. 134ಎ ಕಲಂ ಮತ್ತು ಕರ್ನಾಟಕದ್ದೇ 2016ರ ಕಾಯ್ದೆ ನೆರವಾದವರನ್ನು ಕಾಪಾಡುತ್ತವೆ. ಹೆಸರು ಹೇಳುವುದೂ ಅವರ ಇಷ್ಟ. ಚಿಕಿತ್ಸೆಯ ಖರ್ಚಿಗೂ ಯೋಜನೆಗಳಿವೆ. 2016ರ ಫೆಬ್ರುವರಿಯಲ್ಲಿ ಗುಬ್ಬಿ ಕಡೆಯ ಊರಿಗೆ ಬಂದು ಬೆಂಗಳೂರಿಗೆ ಮರಳುತ್ತಿದ್ದ ತರುಣನೊಬ್ಬ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಮುನ್ನ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ. ಗಾಯಾಳುಗಳ ಮೊದಲ 48 ಗಂಟೆಯ ಚಿಕಿತ್ಸೆಗೆ ರಾಜ್ಯ ತಂದ ಹರೀಶ್ ಸಾಂತ್ವನ ಯೋಜನೆಗೆ ಅವನದೇ ಹೆಸರು. 2025ರ ಮೇ ತಿಂಗಳಿಂದ ಕೇಂದ್ರದ್ದೂ ಒಂದು ಯೋಜನೆಯಿದೆ: ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ.

ತಪ್ಪು ಕಲ್ಪನೆ: "ಆಂಧ್ರದಲ್ಲಿ ಆದ ಆಕ್ಸಿಡೆಂಟು, ಅಲ್ಲೇ ಅಲೀಬೇಕು."

ವಾಸ್ತವ: ಕ್ರಿಮಿನಲ್ ಕೇಸು ಅಪಘಾತ ಆದ ಕಡೆಯೇ ನಡೆಯುತ್ತದೆ, ಆದರೆ ದೂರನ್ನು ಕೊಡಿಗೇನಹಳ್ಳಿ ಠಾಣೆಯಲ್ಲೂ ಕೊಡಬಹುದು, ಝೀರೋ ಎಫ್‌ಐಆರ್ ಬರೆದು ಅವರೇ ಅಲ್ಲಿಗೆ ಕಳಿಸಬೇಕು. ಪರಿಹಾರದ ಅರ್ಜಿಯನ್ನಂತೂ ಅರ್ಜಿದಾರರು ವಾಸವಿರುವ ಕಡೆಯೇ ಹಾಕಬಹುದು ಎಂದು 166(2)ನೇ ಕಲಂ ಹೇಳುತ್ತದೆ. ಸಂತೆಗೋ ಆಸ್ಪತ್ರೆಗೋ ಹಿಂದೂಪುರಕ್ಕೆ ಹೋದವರು ಅಲ್ಲಿ ಸತ್ತರೆ ತೆಲುಗಿನ ಕಾಗದಪತ್ರ ಹಿಡಿದು ವಾಯಿದೆಗಳಿಗೆ ಓಡಾಡಬೇಕಿಲ್ಲ, ಮಧುಗಿರಿಯಲ್ಲೇ ಆಗುತ್ತದೆ.

ತಪ್ಪು ಕಲ್ಪನೆ: "ನಮ್ಮ ಹತ್ರ ಗಾಡಿನೇ ಇಲ್ಲ, ನಾವೇನು ಮಾಡಿದೆವು?"

ವಾಸ್ತವ: ಸುಗ್ಗಿ ಕಾಲದಲ್ಲಿ ಈ ರಸ್ತೆಗಳನ್ನು ನೋಡಿದವರಿಗೆ ಉತ್ತರ ಗೊತ್ತು. ರಾಗಿ ತೆನೆ, ಹುರುಳಿ, ತೊಗರಿ ಎಲ್ಲ ಟಾರಿನ ಮೇಲೆ. ಬಸ್ಸು, ಲಾರಿ ತುಳಿದುಕೊಂಡು ಹೋದರೆ ಒಕ್ಕಣೆ ಪುಕ್ಕಟೆ. ಅರ್ಧ ರಸ್ತೆ ಕಣ, ಅರ್ಧ ರಸ್ತೆ ದಾರಿ. ಹರಡಿದ ಹುರುಳಿ ಒಣಗಿದ ಮೇಲೆ ಬೈಕಿನ ಟೈರಿಗೆ ಹಿಡಿತ ಸಿಗುವುದಿಲ್ಲ; ಬ್ರೇಕು ಮುಟ್ಟಿದರೆ ಮುಂದಿನ ಗಾಲಿ ಜಾರುತ್ತದೆ. ಕಾರಿನ ತಳಕ್ಕೆ ಸೊಪ್ಪು ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಕತ್ತಲಾದ ಮೇಲೆ ಗುಡ್ಡೆ ಮಾಡಿ, ಮೇಲೊಂದು ಕರಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಸುತ್ತ ದಿಂಡುಗಲ್ಲು ಇಟ್ಟು ಮನೆಗೆ ಹೋಗುತ್ತಾರೆ. ಎದುರಿನಿಂದ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಕರಿ ರಸ್ತೆಯ ಮೇಲಿನ ಕರಿ ಗುಡ್ಡೆ ಬೈಕಿನವನಿಗೆ ಕಾಣುವುದು ಅದರ ಮೇಲೆ ಬಿದ್ದ ಮೇಲೆಯೇ.

ನ್ಯಾಯ ಸಂಹಿತೆಯ 106(1)ರಲ್ಲಿ ವಾಹನ ಓಡಿಸುವ ಮಾತೇ ಇಲ್ಲ. ದುಡುಕಿನ ಅಥವಾ ನಿರ್ಲಕ್ಷ್ಯದ ಯಾವ ಕೆಲಸದಿಂದ ಸಾವಾದರೂ ಅದು ಅನ್ವಯಿಸುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿ, ಅಪಾಯ ತಂದದ್ದಕ್ಕೆ 285ನೇ ಕಲಂ ಬೇರೆ ಇದೆ. ಐಪಿಸಿ ಕಾಲದಲ್ಲಿ ಅದರ ದಂಡ 200 ರೂಪಾಯಿಯಿತ್ತು, ಈಗ 5,000ದವರೆಗೆ. ಹಾಗೆಂದು ರಾಗಿ ಹರಡಿದವರೆಲ್ಲ ಜೈಲಿಗೆ ಎಂದಲ್ಲ. ಆ ಗುಡ್ಡೆಯೇ ಸಾವಿಗೆ ನೇರ ಕಾರಣ, ನಡುವೆ ಬೇರೆಯವರ ತಪ್ಪು ಬಂದು ಸೇರಿಲ್ಲ ಎಂದು ಪೊಲೀಸರು ತೋರಿಸಬೇಕು. ಸವಾರ ಕುಡಿದಿದ್ದನೇ, ಅವನ ಬೈಕಿಗೆ ಹೆಡ್‌ಲೈಟಿತ್ತೇ ಎಂಬ ಪ್ರಶ್ನೆಗಳೂ ಬರುತ್ತವೆ.

ಸತ್ತ ಸವಾರನ ಮನೆಯವರ ಪಾಡು ಇನ್ನೂ ಬಿಗಿ. ಎದುರು ಗಾಡಿಯೇ ಇಲ್ಲದ್ದರಿಂದ ಮೋಟಾರು ನ್ಯಾಯಮಂಡಳಿಯಲ್ಲಿ ಕೇಳಲು ಎದುರುದಾರ ವಿಮಾ ಕಂಪನಿಯಿಲ್ಲ. ರಾಗಿಯವನ ಮೇಲೆ ಸಿವಿಲ್ ದಾವೆ ಹೂಡಬೇಕು, ಗೆದ್ದರೂ ವಸೂಲಾಗಬೇಕಾದದ್ದು ಅವನ ಎರಡೆಕರೆಯಿಂದ. ಆ ರೈತನೂ ಸುಮ್ಮನೆ ರಸ್ತೆಗೆ ಬಂದವನಲ್ಲ. ಊರ ಕಣಗಳು ಒತ್ತುವರಿಯಾಗಿವೆ, ಆಳಿನ ಕೂಲಿ ಏರಿದೆ. ಉದ್ಯೋಗ ಖಾತರಿಯ ದುಡ್ಡಿನಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿವೆ. ಮುಂದಿನ ಗ್ರಾಮಸಭೆಯಲ್ಲಿ ನಮ್ಮೂರಿಗೆ ಅದು ಯಾಕಿಲ್ಲ ಎಂದು ಕೇಳುವುದಕ್ಕೆ ಯಾರ ಲೈಸೆನ್ಸೂ ಬೇಕಿಲ್ಲ.